1-8 ಇಂದ 20-20: ಇಂಡಿಯಾನಾ ಫೀವರ್ ಈ ಸೀಸನ್ ಗೆದ್ದಂಗಾ, ಸೋತಂಗಾ?

ಎಡಗೈ ಲೇಅಪ್ (ನವೆಂಬರ್ 2024)

ನಮಸ್ಕಾರ ಎಲ್ರಿಗೂ. ಡಬ್ಲ್ಯುಎನ್‌ಬಿಎ, ಅಂದ್ರೆ ಅಮೆರಿಕಾದ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್, ನಾನು ನೋಡೋಕೆ ಶುರು ಮಾಡಿದ್ದೇ ಈ ವರ್ಷ, ಮೇ 14ನೇ ತಾರೀಕು ಕೇಟ್ಲಿನ್ ಕ್ಲಾರ್ಕ್ ಇಂಡಿಯಾನಾ ಫೀವರ್‌ಗೆ ಮೊದಲನೇ ಮ್ಯಾಚ್ ಆಡಿದ್ಲಲ್ಲ, ಅವತ್ತಿಂದ. ಕಾಲೇಜಲ್ಲಿ ನಾನೂ ಸ್ವಲ್ಪ ಆಡಿದ್ದೆ, ರೂಲ್ಸ್ ಎಲ್ಲ ಗೊತ್ತು, ಆದ್ರೆ ಒಂದೇ ಟೀಮ್ ಹಿಡ್ಕೊಂಡು 40 ಮ್ಯಾಚೂ ನೋಡಿದ್ದು ಇದೇ ಮೊದ್ಲು. ಆ ಮೊದಲ ಮ್ಯಾಚಲ್ಲಿ ಅವಳು 20 ಪಾಯಿಂಟ್ ಹಾಕಿದ್ಲು, ಜೊತೆಗೆ 10 ಟರ್ನೋವರ್ (ಬಾಲ್ ಎದುರಿನೋರಿಗೆ ಬಿಟ್ಟುಕೊಟ್ಟಿದ್ದು), ಕನೆಕ್ಟಿಕಟ್ ಎದುರು 92-71 ಸೋಲು. ಎರಡೇ ದಿನಕ್ಕೆ ತವರಲ್ಲಿ ಮೊದಲ ಮ್ಯಾಚು, ಗೇನ್‌ಬ್ರಿಡ್ಜ್ ಫೀಲ್ಡ್‌ಹೌಸ್ ಪೂರ್ತಿ ತುಂಬಿತ್ತು, ಅಲ್ಲಿ ನ್ಯೂಯಾರ್ಕ್‌ನೋರು ಬಂದು 102-66ಕ್ಕೆ ಹೊಡೆದು ಹೋದ್ರು. ನಾನು ಅವತ್ತು ನಾಲ್ಕನೇ ಕ್ವಾರ್ಟರ್ ನೋಡ್ಲಿಲ್ಲ, ಆಗ್ಲಿಲ್ಲ ನನ್ನ ಕೈಲಿ.

ಮೇ ತಿಂಗಳು ಮುಗಿಯೋ ಹೊತ್ತಿಗೆ 1 ಗೆಲುವು 8 ಸೋಲು. ಅಲ್ಲಿಂದ 20-20ಕ್ಕೆ ಬಂದು ಆರನೇ ಸ್ಥಾನ ತಗೊಂಡು ಪ್ಲೇಆಫ್‌ಗೆ (ಲೀಗ್ ಮುಗಿದ ಮೇಲಿನ ನಾಕ್‌ಔಟ್ ಸುತ್ತಿಗೆ) ಹೋದ್ರು, ಹೋಗಿ ಅದೇ ಕನೆಕ್ಟಿಕಟ್ ಎದುರು 2-0 ಸೋತು ಮನೆಗೆ ಬಂದ್ರು. ಆಮೇಲೆ ಅಕ್ಟೋಬರ್ ಕೊನೇಲಿ ಕೋಚ್ ಕ್ರಿಸ್ಟಿ ಸೈಡ್ಸ್ ಅವರನ್ನ ತೆಗೆದೇಬಿಟ್ರು. ನನಗೆ ತಲೆ ಬುಡ ಅರ್ಥ ಆಗ್ತಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಪ್ಲೇಆಫ್‌ಗೆ ಕರ್ಕೊಂಡು ಹೋದೋರನ್ನೇ ತೆಗೀತಾರೆ ಅಂದ್ರೆ ಒಳಗಿನೋರ ಲೆಕ್ಕದಲ್ಲಿ ಇದು ಕೆಟ್ಟ ಸೀಸನ್ನಾ? ಮೇನಲ್ಲಿ ಅಷ್ಟು ಕೆಟ್ಟದಾಗಿ ಇದ್ದ ಟೀಮು ಆಗಸ್ಟಲ್ಲಿ ಅಷ್ಟು ಚೆನ್ನಾಗಿ ಹೇಗಾಯ್ತು, ಏನು ಬದಲಾಯ್ತು? ಎಲ್ರೂ "ಹುಡುಗೀರ ಟೀಮು, ಇನ್ನೂ ಚಿಕ್ಕೋರು" ಅಂತಾರೆ, ಅದು ನಿಜವಾದ ಕಾರಣಾನಾ ಅಥವಾ ಸುಮ್ನೆ ಸಮಾಧಾನಕ್ಕೆ ಹೇಳೋ ಮಾತಾ? ಈ ಲೀಗ್ ಮುಂಚಿಂದ ನೋಡ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ನಂಗೆ ಈ ಟೀಮ್ ಮೇಲೆ ತುಂಬಾ ಪ್ರೀತಿ ಬಂದ್ಬಿಟ್ಟಿದೆ.


ಹಳೇ ಬೋರ್ಡು

ಒಳ್ಳೇ ಪ್ರಶ್ನೆ. ಮೊದಲು ಒಂದು ವಿಷಯ, ನೀವು ಮೇ 14ರಿಂದ ಲೆಕ್ಕ ಹಾಕ್ತಾ ಇದೀರ, ನಾವು ಹಳಬರು 2016ರಿಂದ ಹಾಕ್ತೀವಿ. ಅದಕ್ಕೇ ನಮಗೆ ಈ 20-20 ಅನ್ನೋದು ಬೇರೆ ಥರ ಕಾಣ್ಸುತ್ತೆ.

ಫೀವರ್ ಅಂದ್ರೆ ಒಂದು ಕಾಲಕ್ಕೆ ತಮಿಕಾ ಕ್ಯಾಚಿಂಗ್ಸ್ ಟೀಮು. 2005ರಿಂದ 2016ರ ತನಕ 12 ವರ್ಷ ಒಂದೂ ಬಿಡದೆ ಪ್ಲೇಆಫ್ ಆಡಿದ ಟೀಮ್ ಇದು. 2012ರಲ್ಲಿ ಮಿನೆಸೋಟಾನ 3-1ಕ್ಕೆ ಸೋಲಿಸಿ ಚಾಂಪಿಯನ್ ಆದ್ರು, ಆಗ ಕೋಚ್ ಲಿನ್ ಡನ್. ಕ್ಯಾಚಿಂಗ್ಸ್ 2016ರಲ್ಲಿ ನಿವೃತ್ತಿ ಆದ ಮೇಲೆ ಏನಾಯ್ತು ಅಂತ ಹೇಳಿದ್ರೆ ನಂಬಲ್ಲ ನೀವು. ಏಳು ವರ್ಷ ಪ್ಲೇಆಫ್ ಮುಖಾನೇ ನೋಡ್ಲಿಲ್ಲ. 2022ರಲ್ಲಿ 5 ಗೆಲುವು 31 ಸೋಲು, ಸೀಸನ್ ಕೊನೆಯ 18 ಮ್ಯಾಚ್ ಸಾಲಾಗಿ ಸೋತಿದ್ರು. ನಾನು ಆ 18ರಲ್ಲಿ ಹತ್ತಾದ್ರೂ ನೋಡಿದೀನಿ. ಖಾಲಿ ಕುರ್ಚಿಗಳ ಮುಂದೆ ಆಡ್ತಿದ್ರು.

ಅದೇ ಲಿನ್ ಡನ್ ಆಮೇಲೆ ಜನರಲ್ ಮ್ಯಾನೇಜರ್ ಆಗಿ ವಾಪಸ್ ಬಂದು ಟೀಮನ್ನ ಮೊದಲಿಂದ ಕಟ್ಟಿದ್ದು. 2022ರ ಡ್ರಾಫ್ಟ್‌ನಲ್ಲಿ (ಟೀಮುಗಳು ಸರದಿ ಮೇಲೆ ಹೊಸ ಆಟಗಾರ್ತಿಯರನ್ನ ಆರಿಸ್ಕೊಳ್ಳೋದು, ಸೋತ ಟೀಮಿಗೆ ಮೊದಲ ಸರದಿ ಅಥವಾ ಪಿಕ್ ಸಿಗೋ ಚಾನ್ಸ್ ಜಾಸ್ತಿ) ನಲಿಸಾ ಸ್ಮಿತ್, ಲೆಕ್ಸಿ ಹಲ್, 2023ರಲ್ಲಿ ಮೊದಲ ಪಿಕ್ ಅಲಿಯಾ ಬಾಸ್ಟನ್, 2024ರಲ್ಲಿ ಮತ್ತೆ ಮೊದಲ ಪಿಕ್ ಕ್ಲಾರ್ಕ್. ಹಿಂದಿಂದೆ ಎರಡು ವರ್ಷ ಮೊದಲ ಪಿಕ್ ಸಿಗೋದು ಅಂದ್ರೆ ಅದೃಷ್ಟಾನೂ ಹೌದು, ಅಷ್ಟು ಕೆಟ್ಟದಾಗಿ ಸೋತಿದ್ರು ಅನ್ನೋದಕ್ಕೆ ಸಾಕ್ಷೀನೂ ಹೌದು. ಸೈಡ್ಸ್ ಬಂದ ಮೊದಲ ವರ್ಷ 13-27, ಎರಡನೇ ವರ್ಷ 20-20. 5, 13, 20. ಇದನ್ನ ಕೆಟ್ಟ ಸೀಸನ್ ಅನ್ನೋಕೆ ನನ್ನ ಬಾಯಿ ಬರಲ್ಲ.

ಇನ್ನು ಜನ. 2023ರಲ್ಲಿ ತವರಿನ ಮ್ಯಾಚಿಗೆ ಸರಾಸರಿ ನಾಲ್ಕು ಸಾವಿರ ಚಿಲ್ಲರೆ ಜನ ಬರ್ತಿದ್ರು. ಈ ವರ್ಷ 17,036. ಅದೇ ಊರು, ಅದೇ ಸ್ಟೇಡಿಯಮ್ಮು.


ಸ್ಕ್ರೀನ್ ಹಾಕ್ರಿ

ನಮಸ್ಕಾರ್ರೀ. ಮೇ ತಿಂಗಳದಾಗ ಯಾಕ ಹಂಗ ಆತು ಅಂತ ಕೇಳೀರಲ್ಲ, ಮೊದಲ ಶೆಡ್ಯೂಲ್ ತಗೊಂಡು ಕುಂದ್ರಿ. ಅರ್ಧ ಉತ್ತರ ಅಲ್ಲೇ ಅದ.

ಕ್ಲಾರ್ಕ್ ಕಾಲೇಜಿನ ಕಡೀ ಮ್ಯಾಚ್, ಅಯೋವಾ ಮತ್ತ ಸೌತ್ ಕ್ಯಾರೊಲಿನಾ ಫೈನಲ್, ಆಡಿದ್ದು ಏಪ್ರಿಲ್ 7ಕ್ಕ. ಡ್ರಾಫ್ಟ್ ಏಪ್ರಿಲ್ 15. ಕ್ಯಾಂಪ್ ಶುರು ಆಗಿದ್ದು ಏಪ್ರಿಲ್ ಕಡೀಗೆ. ಮೇ 14ಕ್ಕ ಲೀಗ್ ಮ್ಯಾಚು. ಅಂದ್ರ ಈ ಪಾಯಿಂಟ್ ಗಾರ್ಡ್‌ಗೆ (ಬಾಲ್ ತಂದು ಆಟ ನಡಸಾಕಿ) ತನ್ನ ಹೊಸ ಟೀಮಿನ ಜೋಡಿ ಪ್ರಾಕ್ಟೀಸ್ ಮಾಡಾಕ ಸಿಕ್ಕದ್ದು ಎರಡು ವಾರದ ಮ್ಯಾಲ ಚೂರು. ಅದಾದ ಮ್ಯಾಲ ಏನ್ ಕೊಟ್ರು? 20 ದಿನದಾಗ 11 ಮ್ಯಾಚ್. ಆ 11ರಾಗ ನ್ಯೂಯಾರ್ಕ್ ಒಂದರ ಜೋಡೀನ ಮೂರು, ಅದೇ ನ್ಯೂಯಾರ್ಕ್ ಈ ವರ್ಷ ಚಾಂಪಿಯನ್ ಆಗೇದ. ಕನೆಕ್ಟಿಕಟ್ ಎರಡು, ಸಿಯಾಟಲ್ ಎರಡು, ಲಾಸ್ ವೇಗಸ್ ಒಂದು. ಹಿಂಗ ಇದ್ದಾಗ ಪ್ರಾಕ್ಟೀಸ್ ಯಾವಾಗ ಮಾಡ್ತೀರಿ? ಒಂದು ಮ್ಯಾಚ್, ವಿಮಾನ, ಒಂದು ನಿದ್ದಿ, ಮತ್ತೊಂದು ಮ್ಯಾಚ್. ಮಾಡಿದ ತಪ್ಪು ತಿದ್ದಕೊಳ್ಳಾಕ ವ್ಯಾಳ್ಯಾ ಬೇಕಲ್ರೀ.

ಈಗ ಆಟದ ಒಳಗ ಬರೂಣು. ಈ ಟೀಮಿನ ಜೀವ ಇರೂದು ಕ್ಲಾರ್ಕ್ ಮತ್ತ ಬಾಸ್ಟನ್ ಪಿಕ್ ಆಂಡ್ ರೋಲ್‌ನಾಗ. ಬಾಸ್ಟನ್ ಬಂದು ಸ್ಕ್ರೀನ್ ಹಾಕ್ತಾಳ, ಅಂದ್ರ ಕ್ಲಾರ್ಕ್‌ನ ಕಾಯಾಕಿ ದಾರಿಗೆ ಅಡ್ಡ ನಿಲ್ತಾಳ, ಕ್ಲಾರ್ಕ್ ಅದನ್ನ ಬಳಸಿ ಹೊರಳ್ತಾಳ. ಬ್ಯಾರೆ ಗಾರ್ಡ್ ಆದ್ರ ಎದುರಿನವರು ಹಿಂದ ಸರದು ನಿಲ್ತಾರ, ದೂರದಿಂದ ಹೊಡದ್ರ ಹೊಡೀಲಿ ಅಂತ. ಕ್ಲಾರ್ಕ್ ಮುಂದ ಹಂಗ ಮಾಡಿದ್ರ ಮೂವತ್ತು ಅಡಿಯಿಂದ ಎತ್ತಿ ಹಾಕ್ತಾಳ. ಹಿಂಗಾಗಿ ಇಬ್ಬರು ಮ್ಯಾಲ ಬಂದು ಅಕೀನ ಮುತ್ತಬೇಕು. ಇಬ್ಬರು ಅಕೀ ಮ್ಯಾಲ ಬಂದ್ರಂದ್ರ ಹಿಂದ ಉಳದ ಮೂರು ಮಂದಿ ನಾಕು ಮಂದೀನ ಕಾಯಬೇಕು. ಆ ಒಂದು ಕ್ಷಣದಾಗ ಬಾಲ್ ಬಾಸ್ಟನ್ ಕೈಗೆ ಬರಬೇಕು, ಬಾಸ್ಟನ್ ಅಲ್ಲಿಂದ ತಾನ ಹಾಕಬೇಕು, ಇಲ್ಲಾ ಮೂಲ್ಯಾಗ ನಿಂತ ಲೆಕ್ಸಿ ಹಲ್‌ಗೆ ಕೊಡಬೇಕು. ಹೇಳಾಕ ಸರಳ ಅದ. ಆದ್ರ ಆ ಪಾಸ್ ಬರೂದು ಯಾವಾಗ, ಎಷ್ಟು ಜೋರಿಂದ, ಯಾವ ಕೈಗೆ ಅನ್ನೂದು ಗೊತ್ತಾಗಬೇಕಂದ್ರ ಸಾವಿರ ಸಲ ಜೋಡಿ ಮಾಡಿರಬೇಕು. ಮೇದಾಗ ನೋಡ್ರಿ, ಕ್ಲಾರ್ಕ್ ಬಾಲ್ ಒಗೀತಿದ್ಲು, ಹಿಡಿಯೋರು ಇನ್ನೂ ತಿರುಗಿ ನೋಡಿರ್ತಿದ್ದಿಲ್ಲ. ಟರ್ನೋವರ್ ಆಕೀ ಹೆಸರಿಗೆ ಬರೀತಾರ. ಸೀಸನ್ ಪೂರ್ತಿ 223 ಆಗ್ಯಾವ, ಲೀಗ್ ದಾಖಲೆ ಅದು. ಅದೇ ಸೀಸನ್ನಿನಾಗ 337 ಅಸಿಸ್ಟ್ (ಬುಟ್ಟಿ ಬೀಳೂ ಹಂಗ ಕೊಟ್ಟ ಪಾಸ್), 2024ಕ್ಕ ಅದೂ ಲೀಗ್ ದಾಖಲೆ ಆಗಿತ್ತು. ಎರಡೂ ಒಂದೇ ಗಿಡದ ಹಣ್ಣು ಅಂತೀನಿ ನಾನು. ಧೈರ್ಯದ ಪಾಸ್ ಒಗಿಯೂದು ಬಿಟ್ಟಿದ್ರ 223 ಕಡಿಮಿ ಆಗ್ತಿತ್ತು, 337ನೂ ಕಡಿಮಿ ಆಗ್ತಿತ್ತು.

ಏನು ಬದಲಾತು ಅಂದ್ರ, ಒಲಿಂಪಿಕ್ಸ್ ರಜಾ. ಅಮೆರಿಕಾ ಟೀಮಿನಾಗ ಕ್ಲಾರ್ಕ್, ಬಾಸ್ಟನ್, ಫೀವರ್‌ದ ಇನ್ನೊಬ್ಬ ಗಾರ್ಡ್ ಕೆಲ್ಸಿ ಮಿಚೆಲ್ ಯಾರೂ ಇದ್ದಿಲ್ಲ. ಕ್ಲಾರ್ಕ್‌ನ ತಗೋಲಿಲ್ಲಂತ ಮಂದಿ ಭಾಳ ಸಿಟ್ಟಾದ್ರು, ನಾನೂ ಆಗಿದ್ದೆ. ಆದ್ರ ಫೀವರ್‌ಗೆ ಅದು ವರ ಆತು. ಜುಲೈ 17ರ ಮ್ಯಾಚ್ ಆದ ಮ್ಯಾಲ ಆಗಸ್ಟ್ 16ರ ತನಕ ಲೀಗ್ ಮ್ಯಾಚ್ ಇಲ್ಲ, ಮೈಗೆ ವಿಶ್ರಾಂತಿ ಸಿಕ್ತು, ಆಮ್ಯಾಲ ಸಮಾಧಾನದಿಂದ ಪ್ರಾಕ್ಟೀಸ್ ಸಿಕ್ತು. ರಜಾಕ್ಕ ಹೋಗೂ ಮುಂದ 11-15. ರಜಾ ಆದ ಮ್ಯಾಲ 9-5. ಆಗಸ್ಟ್ 26ರಿಂದ ಸಾಲಾಗಿ ಐದು ಗೆದ್ರು ನೋಡ್ರಿ, ಅಟ್ಲಾಂಟಾ, ಕನೆಕ್ಟಿಕಟ್, ಶಿಕಾಗೊ, ಡಲ್ಲಾಸ್, ಲಾಸ್ ಏಂಜಲಿಸ್, ಆ ಹತ್ತು ದಿನದ ಮ್ಯಾಚ್ ಮತ್ತೊಮ್ಮೆ ಹಾಕ್ಕೊಂಡು ನೋಡ್ರಿ. ಕ್ಲಾರ್ಕ್ ತಲಿ ಎತ್ತೂಕಿಂತ ಮೊದಲ ಮಿಚೆಲ್ ಓಡಾಕ ಶುರು ಮಾಡಿರ್ತಾಳ. ಬಾಲ್ ಬರ್ತದಂತ ಆಕೀಗೆ ಗೊತ್ತು.


ಕಡಲ ಬದಿ

ಮಿಚೆಲ್ ಹೆಸರು ಬಂತಲ್ಲ, ಖುಷಿ ಆಯ್ತು ಮಾರಾಯ್ರೆ. ಎಲ್ಲರೂ ಕ್ಲಾರ್ಕ್ ಕ್ಲಾರ್ಕ್ ಅಂತ ಹೇಳುದು ಸರಿಯೇ, ಅವಳು ಆ ಹೊಗಳಿಕೆಗೆ ಯೋಗ್ಯಳೇ. ಆದ್ರೆ ಈ ಸೀಸನ್ ಯಾರದ್ದು ಅಂತ ನನ್ನ ಹತ್ರ ಕೇಳಿದ್ರೆ ನಾನು ಕೆಲ್ಸಿ ಮಿಚೆಲ್‌ದು ಅಂತ ಹೇಳುದು.

ಅವಳು ಫೀವರ್‌ಗೆ ಬಂದದ್ದು 2018ರಲ್ಲಿ, ಎರಡನೇ ಪಿಕ್. ಬಂದ ವರ್ಷ ಟೀಮಿನ ಲೆಕ್ಕ 6-28. ಮತ್ತೆ 13-21. ಮತ್ತೆ 6-16, ಅದು ಕೊರೋನಾ ವರ್ಷ. 6-26. 5-31. 13-27. ಕೂಡಿಸಿ ನೋಡಿ, ಆರು ವರ್ಷದಲ್ಲಿ 49 ಗೆಲುವು, 149 ಸೋಲು. ಬೇರೆ ಯಾರಾದ್ರೂ ಆಗಿದ್ರೆ ಎರಡು ವರ್ಷದಲ್ಲಿ ನನ್ನನ್ನು ಬೇರೆ ಕಡೆ ಕಳಿಸಿ ಅಂತ ಹೇಳ್ತಿದ್ರು, ಹೇಳಿದ್ರೆ ತಪ್ಪು ಅಂತ ಯಾರೂ ಹೇಳ್ತಿರ್ಲಿಲ್ಲ. ಇವಳು ಅಲ್ಲೇ ಉಳಿದ್ಳು. ಕೋಚ್‌ಗಳು ಬದಲಾದ್ರು, ಜೊತೆಗೆ ಆಡಿದವರೆಲ್ಲ ಹೋದ್ರು.

ಮತ್ತೆ ಈ ವರ್ಷ ಮಾರ್ಚಲ್ಲಿ ಅವಳ ಅಪ್ಪ ತೀರಿಕೊಂಡ್ರು. ಪಾದದ ಗಂಟಿಗೆ ಪೆಟ್ಟು ಬೇರೆ ಇತ್ತು, ಸೀಸನ್ ಶುರುವಿನ ಹೊತ್ತಿಗೆ ಪೂರಾ ಸರಿ ಆಗಿರ್ಲಿಲ್ಲ. ಅಂಥ ವರ್ಷದಲ್ಲಿ ಸರಾಸರಿ 19.2 ಪಾಯಿಂಟ್. ಕ್ಲಾರ್ಕ್ ಸರಾಸರಿ ಎಷ್ಟು ಗೊತ್ತುಂಟಾ? ಅದೂ 19.2. ಇಷ್ಟು ವರ್ಷ ಎದುರಿನ ಟೀಮಿನ ಒಳ್ಳೆಯ ಡಿಫೆಂಡರ್ ಯಾವಾಗಲೂ ಮಿಚೆಲ್ ಮೈಮೇಲೆ ಇರ್ತಿದ್ರು, ಈ ವರ್ಷ ಅವರು ಕ್ಲಾರ್ಕ್ ಹತ್ರ ಹೋಗಬೇಕಾಯ್ತು, ಇವಳಿಗೆ ಉಸಿರಾಡ್ಲಿಕ್ಕೆ ಜಾಗ ಸಿಕ್ಕಿತು. ಏಳನೇ ಸೀಸನ್ನಿಗೆ ಮೊದಲ ಪ್ಲೇಆಫ್ ಮ್ಯಾಚ್ ಆಡಿದ್ದು ಅವಳು. ಎಲ್ಲರೂ ಹೇಳ್ತಾರೆ ಯುವ ಟೀಮು ಅಂತ, ಹೌದು, ಕ್ಲಾರ್ಕ್ 22, ಬಾಸ್ಟನ್ 22. ಆದ್ರೆ ಆ ಚಿಕ್ಕ ಮಕ್ಕಳು 1-8 ಆದಾಗ ಕುಸಿದು ಹೋಗ್ಲಿಲ್ಲ ಅಂದ್ರೆ ಇಂಥ ಒಬ್ಬಳು ಡ್ರೆಸಿಂಗ್ ರೂಮಲ್ಲಿ ಇದ್ದಳು ಅಂತಲೇ ನನ್ನ ನಂಬಿಕೆ. ಎರಿಕಾ ವೀಲರ್ ಕೂಡ ಹಾಗೆಯೇ, ಅವಳು ಆಡಿದ್ದು ಕಮ್ಮಿ, ಆದ್ರೆ ಟೈಮ್‌ಔಟಲ್ಲಿ ಯಾರ ಹೆಗಲ ಮೇಲೆ ಕೈ ಇತ್ತು ಅಂತ ನೋಡಿ.


ಜೋನ್ 2-3

ಎಲ್ಲರ ಮಾತೂ ಒಪ್ತೀನಿ, ಆದರೆ ಪ್ರಶ್ನೆ ಕೇಳಿದವರು ಕೋಚ್ ವಿಷಯ ಕೇಳಿದ್ರು, ಅದನ್ನ ಯಾರೂ ಮುಟ್ಟಲಿಲ್ಲ. ನನಗೆ ಸೈಡ್ಸ್ ಅವರ ಬಗ್ಗೆ ಗೌರವ ಇದೆ, ಆದರೂ ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಡಿಫೆನ್ಸ್. ಆಗಸ್ಟ್ ನಂತರ ಟೀಮ್ ಗೆಲ್ತಾ ಇತ್ತು ನಿಜ, ಹೇಗೆ ಗೆಲ್ತಾ ಇತ್ತು ನೋಡಿ. ಸೆಪ್ಟೆಂಬರ್ 8ಕ್ಕೆ ಅಟ್ಲಾಂಟಾ ಎದುರು ಓವರ್‌ಟೈಮಲ್ಲಿ 104-100, ಅವತ್ತು ಬಾಸ್ಟನ್ 30 ಹಾಕಿದ್ದಕ್ಕೆ ಬಚಾವು. ಸೆಪ್ಟೆಂಬರ್ 15ಕ್ಕೆ ಡಲ್ಲಾಸ್ ಎದುರು 110-109, ಅವತ್ತು ಕ್ಲಾರ್ಕ್ 35. ಡಲ್ಲಾಸ್ ಈ ವರ್ಷ ಪ್ಲೇಆಫ್‌ಗೂ ಬರದ ಟೀಮು, ಅವರಿಗೆ 109 ಕೊಟ್ಟಿದೀವಿ. ನಾವು ಗೆದ್ದಿದ್ದು ಎದುರಾಳಿಗಿಂತ ಒಂದು ಜಾಸ್ತಿ ಹಾಕಿ, ಎದುರಾಳೀನ ತಡೆದು ಅಲ್ಲ. ಪ್ಲೇಆಫಲ್ಲಿ ಆಟ ನಿಧಾನ ಆಗುತ್ತೆ, ಎದುರಿನವರು ಒಂದೇ ಟೀಮನ್ನ ಓದ್ಕೊಂಡು ಬಂದಿರ್ತಾರೆ, ಅಲ್ಲಿ ಇದು ನಡೆಯಲ್ಲ. ಮೊದಲ ಮ್ಯಾಚು 93-69. ಮರೀನಾ ಮೇಬ್ರಿ ಬೆಂಚಿಂದ ಬಂದು 27 ಹಾಕಿದ್ಲು. ಕ್ಲಾರ್ಕ್ 17 ಸಲ ಹೊಡೆದು 4 ಮಾತ್ರ ಹಾಕಿದ್ಲು, ಹಾಗಾದಾಗ ಟೀಮಿಗೆ ಎರಡನೇ ದಾರಿ ಅಂತ ಇರಬೇಕಿತ್ತು, ಇರಲಿಲ್ಲ. ಎರಡನೇ ಮ್ಯಾಚು 87-81, ಅದು ನಿಜವಾಗ್ಲೂ ಚೆನ್ನಾಗಿ ಆಡಿದ್ರು, ಕೊನೇ ನಿಮಿಷಗಳವರೆಗೂ ಹೋರಾಡಿದ್ರು, ಅದನ್ನ ನೋಡಿ ನನಗೆ ಹೆಮ್ಮೆ ಆಯ್ತು. ಆದರೂ ಸ್ಕ್ರೀನ್ ಬಂದಾಗ ಯಾರು ಯಾರನ್ನ ಹಿಡೀಬೇಕು ಅನ್ನೋ ಗೊಂದಲ ಮೇನಲ್ಲಿ ಇದ್ದದ್ದು ಸೆಪ್ಟೆಂಬರಲ್ಲೂ ಇತ್ತು. ಚಿಕ್ಕ ವಯಸ್ಸು ಅನ್ನೋದು ಮೇ ತಿಂಗಳಿಗೆ ಕಾರಣ ಆಗಬಹುದು, ಸೆಪ್ಟೆಂಬರಿಗೆ ಆಗಲ್ಲ. ಅದು ಕಲಿಸಬೇಕಾದವರ ಕೆಲಸ.

ಇನ್ನೊಂದು ಗಮನಿಸಿದ್ರಾ? ಈಗ ಹೊಸ ಕೋಚ್ ಆಗಿ ತಂದಿರೋದು ಸ್ಟೆಫನಿ ವೈಟ್ ಅವರನ್ನ. ಪ್ಲೇಆಫಲ್ಲಿ ನಮ್ಮನ್ನ ಸೋಲಿಸಿದ ಕನೆಕ್ಟಿಕಟ್ ಬೆಂಚಲ್ಲಿ ಕೋಚ್ ಆಗಿ ನಿಂತಿದ್ದವರು ಅವರೇ. ಇಂಡಿಯಾನಾದವರೇ, 2000ದಲ್ಲಿ ಫೀವರ್ ಶುರುವಾದಾಗ ಆ ಟೀಮಲ್ಲಿ ಆಡಿದವರು, 2015ರಲ್ಲಿ ಇದೇ ಟೀಮಿನ ಕೋಚ್ ಆಗಿ ಫೈನಲ್ ತನಕ ಕರ್ಕೊಂಡು ಹೋದವರು. ಕ್ಲಾರ್ಕ್‌ನ ಕಟ್ಟಿಹಾಕೋದು ಹೇಗೆ ಅಂತ ಅವರಿಗೆ ಗೊತ್ತು, ಅಂದಮೇಲೆ ಬಿಡಿಸೋದು ಹೇಗೆ ಅಂತಲೂ ಗೊತ್ತಿರುತ್ತೆ.


ಹಳೇ ಬೋರ್ಡು

ಜೋನ್ ಅವರೇ, ಡಿಫೆನ್ಸ್ ವಿಷಯ ನೂರಕ್ಕೆ ನೂರು ಒಪ್ಪಿದೆ. ಕೋಚ್ ವಿಷಯ ಒಪ್ಪಲ್ಲ. 5-31 ಟೀಮ್ ಕೈಗೆ ತಗೊಂಡು ಎರಡು ವರ್ಷಕ್ಕೆ 20-20 ಮಾಡಿದೋರಿಗೆ ಮೂರನೇ ವರ್ಷ ಸಿಗಬೇಕಿತ್ತು. 1-8 ಆದಾಗ ಪ್ರತಿ ರಾತ್ರಿ ಪತ್ರಕರ್ತರ ಮುಂದೆ ಕೂತು ಬೈಗುಳ ತಿಂದಿದ್ದು ಅವರು, ಯಾವ ಆಟಗಾರ್ತಿ ಹೆಸರನ್ನೂ ಮುಂದೆ ತಳ್ಳಲಿಲ್ಲ. ವೈಟ್ ಒಳ್ಳೇ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಹಂಗಂತ ಸೈಡ್ಸ್ ಮಾಡಿದ ಕೆಲಸ ಮರೆತುಹೋಗಬಾರದು.


ಎಡಗೈ ಲೇಅಪ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಕ್ರೀನ್ ಹಾಕ್ರಿ ಅವರೇ, ನೀವು ಹೇಳಿದ ಮೇಲೆ ಜುಲೈ 17ರ ಡಲ್ಲಾಸ್ ಮ್ಯಾಚ್ ಮತ್ತೆ ನೋಡಿದೆ, ಅದೇ 19 ಅಸಿಸ್ಟ್ ದಾಖಲೆ ಮಾಡಿದ್ದು. ಮೊದಲ ಸಲ ನೋಡಿದಾಗ ಬರೀ ಕ್ಲಾರ್ಕ್‌ನ ನೋಡಿದ್ದೆ. ಈ ಸಲ ಬಾಲ್ ಬಿಟ್ಟು ಉಳಿದ ನಾಲ್ಕು ಜನರನ್ನ ನೋಡಿದೆ, ಬೇರೆಯದೇ ಆಟ ನೋಡಿದಂಗಾಯ್ತು. ಬಾಸ್ಟನ್ ಸ್ಕ್ರೀನ್ ಹಾಕಿ ತಿರುಗೋವಾಗ ಕೈ ಆಗಲೇ ಎದೆ ಮುಂದೆ ರೆಡಿ ಇರುತ್ತೆ, ಮೇನಲ್ಲಿ ಹಂಗೆ ಇರ್ಲಿಲ್ಲ. ಆದ್ರೂ ಅವತ್ತು 101-93 ಸೋಲು, ಅಂದ್ರೆ ಜೋನ್ ಅವರು ಹೇಳಿದ್ದೂ ಕಾಣ್ತು.

ಇನ್ನೊಂದು ಕೇಳ್ಬೇಕಿತ್ತು, ಪ್ಲೇಆಫ್ ಎರಡೂ ಮ್ಯಾಚು ಕನೆಕ್ಟಿಕಟ್‌ನಲ್ಲೇ ಯಾಕೆ ಆಯ್ತು? ಸೀಸನ್ ಪೂರ್ತಿ ಅಷ್ಟು ಜನ ಬಂದ ಊರಲ್ಲಿ ಒಂದೂ ಪ್ಲೇಆಫ್ ಮ್ಯಾಚ್ ಇಲ್ಲ ಅಂದ್ರೆ ಏನು ನ್ಯಾಯ.


ಜೋನ್ 2-3

ಮೊದಲ ಸುತ್ತು ಮೂರು ಮ್ಯಾಚಿನ ಸರಣಿ. 2024ರ ರೂಲ್ ಪ್ರಕಾರ ಮೊದಲ ಎರಡೂ ಮೇಲಿನ ಸ್ಥಾನದ ಟೀಮಿನ ಊರಲ್ಲಿ, ಮೂರನೇದು ಬಂದರೆ ಕೆಳಗಿನವರ ಊರಲ್ಲಿ. ಒಂದಾದರೂ ಗೆದ್ದಿದ್ರೆ ಇಂಡಿಯಾನಾಪೊಲಿಸ್‌ಗೆ ಬರ್ತಿತ್ತು. ಗೆಲ್ಲಲಿಲ್ಲ. ಅದು ನನಗೂ ಇವತ್ತಿಗೂ ನೋವು.


ಕಡಲ ಬದಿ

ಒಂದು ಮಾತು ಹೇಳ್ಬೇಕು, ಸ್ವಲ್ಪ ವಿಷಯ ಬಿಟ್ಟು ಹೋಗ್ತದೆ ಆದ್ರೂ. ಆ ಸರಣಿ ಮುಗಿದ ಮೇಲೆ ಕನೆಕ್ಟಿಕಟ್‌ನ ಅಲಿಸಾ ಥಾಮಸ್, ಫೀವರ್ ಅಭಿಮಾನಿಗಳಿಂದ ತಮಗೆ ಬಂದಂಥ ಜನಾಂಗೀಯ ನಿಂದನೆ ಹಿಂದೆ ಎಂದೂ ಕೇಳಿರ್ಲಿಲ್ಲ ಅಂತ ಬಹಿರಂಗವಾಗಿ ಹೇಳಿದ್ರು. ನನಗೆ ಅದು ಸೋಲಿಗಿಂತ ಬೇಜಾರು ಮಾಡಿದ್ದು. ಕ್ಲಾರ್ಕ್ ಅಸಿಸ್ಟ್ ದಾಖಲೆ ಮುರಿದದ್ದು ಯಾರದ್ದು, ಇದೇ ಥಾಮಸ್‌ದು, 2023ರ 316. ಅಂಥ ಆಟಗಾರ್ತಿಯನ್ನು ನೋಡಿ ಕಲೀಬೇಕು. ಹೊಸತಾಗಿ ನೋಡ್ಲಿಕ್ಕೆ ಬಂದವರು ಟೀಮಿಗೆ ಜೈ ಹೇಳಿ, ಎದುರಿನವರಿಗೂ ಮರ್ಯಾದೆ ಕೊಡಿ ಆಯ್ತಾ.


ಸ್ಕ್ರೀನ್ ಹಾಕ್ರಿ

ಖರೇ ಮಾತ್ರೀ ಅದು. ಥಾಮಸ್ ಆಟ ನೋಡಾಕ ಸಿಗೂದು ಪುಣ್ಯ.

ಅಂದಂಗ ಕ್ಲಾರ್ಕ್‌ಗೆ ರೂಕಿ ಆಫ್ ದಿ ಇಯರ್ (ಮೊದಲ ವರ್ಷದ ಆಟಗಾರ್ತಿಗೆ ಕೊಡೂ ಪ್ರಶಸ್ತಿ) 67ರಾಗ 66 ವೋಟು ಬಂತು, ಉಳದ ಒಂದು ಏಂಜಲ್ ರೀಸ್‌ಗೆ. ಆಲ್ ಡಬ್ಲ್ಯುಎನ್‌ಬಿಎ ಮೊದಲ ಟೀಮಿನಾಗೂ (ವರ್ಷದ ಐದು ಅತ್ಯುತ್ತಮ ಆಟಗಾರ್ತಿಯರ ಪಟ್ಟಿ) ಬಂದಾಳ, ಇದಕ್ಕ ಮೊದಲ ರೂಕಿ ಇದ್ದಾಗ ಅಲ್ಲಿ ಕಡೀಗೆ ಬಂದಾಕಿ 2008ರಾಗ ಕ್ಯಾಂಡೇಸ್ ಪಾರ್ಕರ್, ಆಮ್ಯಾಲ ಈಕೀನ. ಆದ್ರ ನನಗ ಈ ಸೀಸನ್ನಿನ ಚಿತ್ರ ಅಂದ್ರ ಜುಲೈ 6. ಮೇ ತಿಂಗಳದಾಗ 36 ಪಾಯಿಂಟಿಂದ ಹೊಡದ ಅದೇ ನ್ಯೂಯಾರ್ಕ್ ಅದೇ ಸ್ಟೇಡಿಯಮ್ಮಿಗೆ ಬಂತು, ಇವ್ರು 83-78 ಗೆದ್ರು. ಕ್ಲಾರ್ಕ್ 19 ಪಾಯಿಂಟ್, 12 ರಿಬೌಂಡ್, 13 ಅಸಿಸ್ಟ್, ಲೀಗಿನಾಗ ಒಬ್ಬ ರೂಕಿ ಮಾಡಿದ ಮೊದಲ ಟ್ರಿಪಲ್ ಡಬಲ್ (ಮೂರರಾಗೂ ಹತ್ತು ಅಥವಾ ಅದರ ಮ್ಯಾಲ). ಏಳು ವಾರದಾಗ ಅದೇ ಮಂದಿ.


ಎಡಗೈ ಲೇಅಪ್ (ಅಕ್ಟೋಬರ್ 2025)

ಒಂದು ವರ್ಷ ಆಯ್ತು, ಈ ಥ್ರೆಡ್ ಮತ್ತೆ ಹುಡುಕ್ಕೊಂಡು ಬಂದೆ. ಯಾರಾದ್ರೂ ಇನ್ನೂ ಇದೀರಾ? ಬರೀಲೇಬೇಕು ಅನ್ನಿಸ್ತು.

ಈ ವರ್ಷ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಕ್ಲಾರ್ಕ್ 44ರಲ್ಲಿ ಆಡಿದ್ದು 13 ಮ್ಯಾಚ್ ಮಾತ್ರ. ಜುಲೈ 15ರ ನಂತರ ಅಂಗಣಕ್ಕೆ ಇಳೀಲೇ ಇಲ್ಲ, ತೊಡೆಸಂದಿ ನೋವು. ಅವಳಿಲ್ಲದೇ ಇದ್ದಾಗ ಈ ಟೀಮ್ ಕಥೆ ಮುಗೀತು ಅಂದ್ಕೊಂಡೆ. ಆಮೇಲೆ ಏರಿ ಮೆಕ್‌ಡೊನಾಲ್ಡ್, ಸಿಡ್ನಿ ಕೋಲ್ಸನ್, ಸೋಫಿ ಕನಿಂಗ್‌ಹ್ಯಾಮ್, ಕ್ಲೋಯಿ ಬಿಬಿ, ಒಬ್ಬೊಬ್ಬರಾಗಿ ಎಲ್ಲ ಗಾಯ ಆಗಿ ಸೀಸನ್ ಮುಗಿಸ್ಕೊಂಡ್ರು. ಬೆಂಚಲ್ಲಿ ಆಡೋರಿಗಿಂತ ಮಾಮೂಲಿ ಬಟ್ಟೇಲಿ ಕೂತೋರೇ ಜಾಸ್ತಿ ಕಾಣ್ತಿದ್ರು. ಆದ್ರೂ 24-20. ಜುಲೈ 1ಕ್ಕೆ ಕಮಿಷನರ್ಸ್ ಕಪ್ (ಸೀಸನ್ ಮಧ್ಯೆ ನಡೆಯೋ ಬೇರೆ ಕಪ್) ಫೈನಲ್‌ನಲ್ಲಿ ಮಿನೆಸೋಟಾನ ಅವರ ಊರಲ್ಲೇ 74-59 ಸೋಲಿಸಿದ್ರು, 59! ಜೋನ್ ಅವರೇ, ನೀವು ಹೇಳಿದ ಡಿಫೆನ್ಸ್ ಇದೇ ತಾನೇ? ನಾನು ಅವತ್ತು ನಿಮ್ಮನ್ನ ನೆನೆಸ್ಕೊಂಡೆ.

ಪ್ಲೇಆಫ್ ರೂಲ್ ಈ ವರ್ಷ ಬದಲಾಯ್ತು, ಎರಡನೇ ಮ್ಯಾಚ್ ಕೆಳಗಿನ ಸ್ಥಾನದೋರ ಊರಲ್ಲಿ. ಹಂಗಾಗಿ ಸೆಪ್ಟೆಂಬರ್ 16ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಪ್ಲೇಆಫ್ ಮ್ಯಾಚ್ ನಡೀತು, 2016 ಆದ ಮೇಲೆ ಮೊದಲ ಸಲ, ಅಟ್ಲಾಂಟಾ ಎದುರು 77-60 ಗೆದ್ರು. ಮೂರನೇದರಲ್ಲಿ ಎರಡು ನಿಮಿಷ ಇದ್ದಾಗ ಐದು ಪಾಯಿಂಟ್ ಹಿಂದೆ ಇದ್ರು, ಅಲ್ಲಿಂದ ಏಳು ಪಾಯಿಂಟ್ ಸಾಲಾಗಿ ಹಾಕಿ 87-85. ಕೊನೆಯ ಬುಟ್ಟಿ ಬಾಸ್ಟನ್‌ದು, ಆಮೇಲೆ ಬಾಲ್ ಕಸ್ಕೊಂಡಿದ್ದು ಲೆಕ್ಸಿ ಹಲ್. 2022, 2023ರಲ್ಲಿ ಖಾಲಿ ಕುರ್ಚಿ ಮುಂದೆ ಆಡಿದ ಹುಡುಗೀರು ಇವರು ಅಂತ ಹಳೇ ಬೋರ್ಡು ಅವರು ಬರೆದದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು ನಂಗೆ.

ಆಮೇಲೆ ಲಾಸ್ ವೇಗಸ್ ಜೊತೆ ಸೆಮಿಫೈನಲ್, ಐದನೇ ಮ್ಯಾಚ್ ತನಕ, ಅದೂ ಓವರ್‌ಟೈಮ್, 107-98 ಸೋಲು. ಮಿಚೆಲ್ ಮಧ್ಯದಲ್ಲೇ ಕುಸಿದು ಕೂತ್ಳು, ಕಾಲು ಎತ್ತೋಕೆ ಆಗ್ತಿರ್ಲಿಲ್ಲ, ಸ್ನಾಯುಗಳೇ ಒಡೆದು ಹೋಗೋ ಅಂಥ ಸುಸ್ತು. ಬಾಸ್ಟನ್‌ಗೆ ಆರು ಫೌಲ್, ಅಂದ್ರೆ ಆಟದಿಂದ ಹೊರಗೆ. ಸೀಸನ್ ಮಧ್ಯದಲ್ಲಿ ತಾತ್ಕಾಲಿಕ ಕಾಂಟ್ರಾಕ್ಟ್ ಮೇಲೆ ಬಂದ ಒಡಿಸಿ ಸಿಮ್ಸ್ ಆ ಮ್ಯಾಚನ್ನ ಓವರ್‌ಟೈಮ್ ತನಕ ಎಳೆದ್ಲು.

ಕಡಲ ಬದಿ ಅವರೇ, ಮಿಚೆಲ್ ಈ ವರ್ಷದ ಸರಾಸರಿ 20.2. ಆ ಲಾಸ್ ವೇಗಸ್ ಮೊದಲನೇ ಮ್ಯಾಚಲ್ಲಿ 34.


ಕಡಲ ಬದಿ

ಇದ್ದೇನೆ ಮಾರಾಯ್ರೆ, ಎಲ್ಲಿಗೆ ಹೋಗುದು. ಆ 34ರ ಮ್ಯಾಚ್ ಎರಡು ಸಲ ನೋಡಿದ್ದೇನೆ. ಐದನೇದು ಮಾತ್ರ ಅವಳು ಬಿದ್ದಲ್ಲಿಂದ ಮುಂದೆ ಇನ್ನೂ ನೋಡ್ಲಿಕ್ಕೆ ಮನಸ್ಸಾಗ್ಲಿಲ್ಲ. ಕ್ಲಾರ್ಕ್, ಮಿಚೆಲ್, ಬಾಸ್ಟನ್ ಮೂವರೂ ಮೈ ಸರಿ ಇದ್ದು ಒಟ್ಟಿಗೆ ಒಂದು ಪೂರ್ತಿ ಪ್ಲೇಆಫ್ ಆಡಿದ್ದನ್ನು ನೋಡ್ಬೇಕು ಅಂತ ಉಂಟು ನನಗೆ.


ಜೋನ್ 2-3

ಹೌದು, 59. ಆ ಮ್ಯಾಚಲ್ಲಿ ಕ್ಲಾರ್ಕ್ ಆಡಿರಲಿಲ್ಲ ಅನ್ನೋದನ್ನೂ ಸೇರಿಸಿ ಬರೀರಿ. ಕಳೆದ ವರ್ಷ ಸ್ಕ್ರೀನ್ ಬಂದಾಗ ಒಬ್ಬರ ಮುಖ ಒಬ್ಬರು ನೋಡ್ತಿದ್ದವರು ಈ ವರ್ಷ ಬಾಯಲ್ಲಿ ಕೂಗಿ ಹೇಳಿ ಬದಲಾಗ್ತಾ ಇದ್ದರು, ಟಿವೀಲೇ ಕೇಳಿಸ್ತಿತ್ತು. ಹಾಗಂತ ಹಳೇ ಬೋರ್ಡು ಅವರು ಅವತ್ತು ಸೈಡ್ಸ್ ಬಗ್ಗೆ ಹೇಳಿದ್ದನ್ನ ಈಗ ನಾನು ಒಪ್ತೀನಿ. 1-8ರಲ್ಲಿ ಆ ಟೀಮ್ ಒಡೆದು ಹೋಗಿದ್ದಿದ್ರೆ ವೈಟ್ ಅವರ ಕೈಗೆ ಕಟ್ಟೋಕೆ ಏನೂ ಉಳೀತಿರಲಿಲ್ಲ.